ಮೊದಲ ಕೊಪ್ಪರಿಗೆಯ ಬೆಲ್ಲ

ಶಿಕಾರಿಪುರ
6 ಜನವರಿ 2025

ತಮ್ಮ ಭೀಮಣ್ಣನಿಗೆ ಅಕ್ಕ ಹಾಲಮ್ಮ ಬರೆಯುವುದು.

ಫೋನು ಮಾಡಿದರೆ ಅರ್ಧಕ್ಕೇ ಕಟ್ ಮಾಡ್ತೀಯ. ನಿನ್ನೆ ಮೂರು ಸಲ ಮಾಡಿದೆ, ಮೂರು ಸಲಾನೂ "ಸಿಗ್ನಲ್ ಇಲ್ಲ ಅಕ್ಕ" ಅಂದೆ. ಸಿಗ್ನಲ್ ಇಲ್ಲದಿದ್ದರೆ ಆ ಮಾತು ನನಗೆ ಹೆಂಗೆ ಕೇಳಿಸ್ತೋ? ಅದಕ್ಕೇ ಕಾಗದ. ಹರಿದು ಹಾಕಿದರೆ ಇನ್ನೊಂದು ಬರೀತೀನಿ. ಮೂವತ್ತು ವರ್ಷ ಅಂಗನವಾಡಿ ರಿಜಿಸ್ಟರ್ ಬರೆದ ಕೈ ಇದು.

ಸೊರಬದ ಬಸ್ಸಿನ ಕಂಡಕ್ಟರ್ ಕೈಲಿ ನೀನು ಕಳಿಸಿದ ಜೋನಿಬೆಲ್ಲದ ಡಬ್ಬ ಬಂತು. ಅದೇ ಬಸ್ಸಿಗೆ ವಾಪಸ್ ಹಾಕಿದೀನಿ, ಮುಚ್ಚಳ ಸಹ ತೆಗೆದಿಲ್ಲ, ಆ ಪಾಕದ ಒಂದು ತೊಟ್ಟೂ ಮುಟ್ಟಿಲ್ಲ. ನನ್ನ ಲಿವರಿನಲ್ಲಿ ಕೊಬ್ಬು ಕೂತಿದೆ ಅಂತ ಸ್ಕ್ಯಾನಿಂಗಲ್ಲಿ ಬಂದಿದ್ದು ನಿನಗೆ ಹೇಳಿದ್ದೆ. ಡಾಕ್ಟರು ಸಿಹಿ ಕಮ್ಮಿ ಮಾಡಿ ಅಂದರು. ಯಾಕೆ ಅಂತ ಹೇಳಲಿಲ್ಲ, ನಾನೇ ಹುಡುಕಿದೆ. ಫೋನಿನಲ್ಲಿ ಎಷ್ಟು ವಿಡಿಯೊ ಇವೆ ಗೊತ್ತಾ! ಫ್ರಕ್ಟೋಸ್ ಅಂತ ಒಂದು ಇದೆ ಕಣೋ. ಸಕ್ಕರೆಯಲ್ಲಿ ಅರ್ಧ ಅದೇ. ಬೆಲ್ಲದಲ್ಲೂ ಅದೇ, ಜೇನಿನಲ್ಲೂ ಅದೇ, ಹಣ್ಣಿನಲ್ಲೂ ಅದೇ. ಸೀದಾ ಲಿವರಿಗೆ ಹೋಗಿ ಕೂರುತ್ತೆ. ವಿಷ, ಭೀಮಾ, ಬರೀ ವಿಷ. ಮನೆಯಿಂದ ಬಾಳೆಹಣ್ಣನ್ನೂ ಆಚೆ ಹಾಕಿದೀನಿ. ನನ್ನ ಮಗ ಪ್ರದೀಪ ಮುಖ ಗಂಟು ಹಾಕ್ಕೊಂಡು ಗ್ಯಾರೇಜಿಗೆ ಹೋಗ್ತಾನೆ. ಹೋಗಲಿ.

ಈಗ ಮುಖ್ಯ ಮಾತು. ಪುಟ್ಟಿಗೆ ಆರು ತಿಂಗಳು ತುಂಬ್ತು. ಗಂಗಾಶ್ರೀ ನಿನಗೆ ಮಗಳು, ನನಗೆ ಸೊಸೆ. ಬಾಣಂತನ ಮುಗಿದು ಎಷ್ಟು ದಿನ ಆದರೂ ನಿನ್ನ ಆಲೆಮನೆ ಕೆಲಸದ ನೆವ ಹೇಳಿ ತಾಯಿ-ಮಗು ಇಬ್ಬರನ್ನೂ ಅಲ್ಲೇ ಇಟ್ಕೊಂಡಿದೀಯ. ಹನ್ನೆರಡನೇ ತಾರೀಕು ಮಗೂಗೆ ಮೊದಲ ತುತ್ತು ಅಂತೆ. ಮೊದಲ ಕೊಪ್ಪರಿಗೆಯ ಬೆಲ್ಲವನ್ನ ಮನೆಯ ಹೊಸ ಕೂಸಿನ ನಾಲಿಗೆಗೆ ಸವರೋ ನಮ್ಮ ತವರಿನ ಪದ್ಧತಿ ನನಗೆ ಗೊತ್ತಿಲ್ವಾ? ಸವರಬೇಡ. ಮೊಮ್ಮಗಳು ನಿನಗೆ ಎಷ್ಟೋ ನನಗೂ ಅಷ್ಟೇ. ಅನ್ನದ ಗಂಜಿ ತಿನ್ನಿಸಿ, ಸಾಕು.

ಹಾಲಮ್ಮ


ಚಂದ್ರಗುತ್ತಿ
9 ಜನವರಿ 2025

ಅಕ್ಕನಿಗೆ ಭೀಮಣ್ಣನ ನಮಸ್ಕಾರ.

ಎಂಥ ಮಾರಾಯ್ತಿ ನಿಂದು! ಆ ಕಂಡಕ್ಟರು ಡಬ್ಬ ವಾಪಸ್ ಕೊಟ್ಟಿದ್ದು ನಾಲ್ಕು ಜನರ ಎದುರಿಗೆ. "ಏನು ಭೀಮಣ್ಣೋರೆ, ಅಕ್ಕೋರಿಗೆ ಬೆಲ್ಲ ಸೇರಲಿಲ್ವಾ" ಅಂತ ಬೇರೆ ಕೇಳಿದ. ನಾನು ಎಂಥ ಹೇಳಲಿ? ನಮ್ಮ ಅಕ್ಕ ಫೋನು ನೋಡಿ ಡಾಕ್ಟರಾಗಿದಾಳೆ ಅಂತಲಾ?

ವಿಷವಂತೆ ವಿಷ. ಅಪ್ಪ ಎಂಬತ್ನಾಲ್ಕು ವರ್ಷ ಬದುಕಿದ, ದೋಸೆಗೆ ಜೋನಿಬೆಲ್ಲ ಇಲ್ಲದೆ ಎಲೆ ಮುಂದೆ ಕೂತವನಲ್ಲ. ಕಬ್ಬು ಕಡಿಯೋರು ಬಿಸಿಲಿಗೆ ಒಂದು ಚೂರು ಬೆಲ್ಲ ಬಾಯಿಗೆ ಹಾಕ್ಕೊಂಡು ನೀರು ಕುಡಿತಾರೆ, ಅವರ ಲಿವರು ನಿನ್ನದಕ್ಕಿಂತ ಗಟ್ಟಿ ಇದೆ. ಒಂದು ಕೇಳ್ತೇನೆ, ಸಿಟ್ಟಾಗಬೇಡ. ಹೋದ ಬೇಸಿಗೆಯಲ್ಲಿ ನಿನ್ನ ಫ್ರಿಜ್ಜಿನ ಬಾಗಿಲಲ್ಲಿ ಸಾಲಾಗಿ ನಿಂತಿದ್ದ ಮಾವಿನ ಜ್ಯೂಸಿನ ಬಾಟಲಿಗಳು ಯಾರವು? ದಿನಕ್ಕೆ ಎರಡು ಲೋಟ ಇಳಿಸ್ತಿದ್ದವರು ಯಾರು? ಅದನ್ನ ಬಿಟ್ಟು ಪಾಪದ ಬಾಳೆಹಣ್ಣಿನ ಮೇಲೆ ಯಾಕೆ ಹರಿಹಾಯ್ತೀಯ? ಮಿತಿಯಲ್ಲಿ ತಿನ್ನು ಅಂದರೆ ಒಪ್ತೇನೆ. ನನ್ನ ಆಲೆಮನೆಯಲ್ಲಿ ವಿಷ ಕುದಿಸ್ತಾರೆ ಅಂದರೆ ಒಪ್ಪಲ್ಲ.

ಪುಟ್ಟಿ ವಿಷಯ ನನಗೆ ಬಿಡು. ಆ ಪದ್ಧತಿ ನಾನು ಹುಟ್ಟಿಸಿದ್ದಲ್ಲ. ನಿನ್ನ ನಾಲಿಗೆಗೂ ಸವರಿದ್ದರು, ನನ್ನ ನಾಲಿಗೆಗೂ ಸವರಿದ್ದರು. ಸತ್ತು ಹೋಗಿದೀವಾ?

ಡಬ್ಬ ಮತ್ತೆ ಕಳಿಸ್ತಿದೇನೆ. ಈ ಸಲ ವಾಪಸ್ ಬಂದರೆ ನಾನೇ ಹೊತ್ತುಕೊಂಡು ಬಂದು ನಿನ್ನ ಬಾಗಿಲಲ್ಲಿ ಇಡ್ತೇನೆ.

ಭೀಮಣ್ಣ


ಶಿಕಾರಿಪುರ
14 ಜನವರಿ 2025

ಭೀಮಣ್ಣನಿಗೆ,

ಹೌದು, ಜ್ಯೂಸಿನ ಬಾಟಲಿ ನನ್ನವೇ. ಹೊಟ್ಟೆ ತಣ್ಣಗಾಯ್ತಾ? ನಾನು ಕುಡಿದು ಕೆಟ್ಟೆ, ಅದಕ್ಕೇ ಹೇಳ್ತಿದೀನಿ. ಕೆಟ್ಟವರ ಮಾತು ಕೇಳದೆ ಇನ್ಯಾರ ಮಾತು ಕೇಳ್ತೀಯ?

ಹಬ್ಬಕ್ಕೆ ಎಳ್ಳು ಕಳಿಸಿದೀನಿ. ಎಳ್ಳು, ಕಡಲೆಬೀಜ, ಹುರಿಗಡಲೆ, ಕೊಬ್ಬರಿ. ಬೆಲ್ಲ ಹಾಕಿಲ್ಲ, ಹುಡುಕಬೇಡ. ನಿನ್ನ ಡಬ್ಬ ಅಟ್ಟದ ಮೇಲಿದೆ, ಪ್ರದೀಪನ ಕೈಗೆ ಸಿಗದ ಹಾಗೆ.

ಮೊದಲ ತುತ್ತಿಗೆ ನನ್ನನ್ನ ಕರೀಲಿಲ್ಲ. ಮನೆ ಮಟ್ಟಿಗೆ ಅಂತ ಗಂಗಾನ ಬಾಯಲ್ಲಿ ಹೇಳಿಸಿದೆ. ನಾನು ಬಂದರೆ ಬಟ್ಟಲು ಕಿತ್ತುಕೊಳ್ತೀನಿ ಅಂತ ನಿನಗೆ ಹೆದರಿಕೆ, ಅಷ್ಟೇ. ಕಿತ್ತುಕೊಳ್ತಿದ್ದೆ ಕೂಡ. ಹೆಂಗಾಯ್ತು? ಪ್ರದೀಪ ಕೇಳಿದರೆ ಗಂಗಾ "ಆಯ್ತು" ಅಂತ ಒಂದೇ ಮಾತು ಅಂದಳಂತೆ. ಒಂದು ಫೋಟೊ ಸಹ ಬಂದಿಲ್ಲ. ಸತ್ತು ಹೋಗಿದೀವಾ ಅಂತ ಕೇಳೋಕೆ ಮಾತ್ರ ನಿನಗೆ ಬಾಯಿ ಬರುತ್ತೆ. ಅಂಥ ಮಾತು ಇನ್ನೊಂದು ಸಲ ಬರೀಬೇಡ.

ಹಾಲಮ್ಮ


ಚಂದ್ರಗುತ್ತಿ
17 ಜನವರಿ 2025

ಅಕ್ಕನಿಗೆ,

ನಿನ್ನ ಎಳ್ಳು ಬಂತು. ನಮ್ಮ ಮನೆಯವಳು ವೀರಮ್ಮ ನೋಡದೆ ತಟ್ಟೆಗೆ ಸುರಿದು ಅಕ್ಕಪಕ್ಕದವರಿಗೆ ಬೀರಿ ಬಂದಳು. ಆಚೆಮನೆ ನಾಗಶ್ರೀ ಬಂದು ಕೇಳ್ತಾಳೆ, "ಭೀಮಣ್ಣ, ನಿಮ್ಮ ಮನೇಲೂ ಬೆಲ್ಲ ಖಾಲಿನಾ" ಅಂತ. ಗಾಣದ ಎದುರಿಗೆ ಮನೆ ಇಟ್ಕೊಂಡು ಈ ಮಾತು ಕೇಳೋ ಹಾಗೆ ಮಾಡಿದೆಯಲ್ಲ! ವೀರಮ್ಮ ಇನ್ನೂ ನನ್ನ ಹತ್ತಿರ ಸರಿಯಾಗಿ ಮಾತಾಡ್ತಿಲ್ಲ, ತಪ್ಪು ನಂದು ಅನ್ನೋ ಹಾಗೆ.

ಮೊದಲ ತುತ್ತು ಚೆನ್ನಾಗಿ ಆಯ್ತು. ಪದ್ಧತಿ ಪ್ರಕಾರವೇ ಆಯ್ತು. ಉಂಗುರದ ತುದಿಯಲ್ಲಿ ಒಂದು ತೊಟ್ಟು. ಆಮೇಲೆ ಗಂಜಿಗೂ ಸ್ವಲ್ಪ ಹಾಕಿದೆವು, ಸಪ್ಪೆ ಗಂಜಿ ಯಾರು ತಿಂತಾರೆ ಮಾರಾಯ್ತಿ? ಬಾಳೆಹಣ್ಣೂ ಕಿವುಚಿ ಕೊಡ್ತಿದೀವಿ. ಸ್ವಲ್ಪ ಕಕ್ಕಿದಳು. ಹೊಸ ಊಟಕ್ಕೆ ಎಲ್ಲ ಮಕ್ಕಳೂ ಕಕ್ಕುತ್ತವೆ, ಅದನ್ನೇ ಹಿಡ್ಕೊಂಡು ನನ್ನ ಮೇಲೆ ಬರಬೇಡ. ಫೋಟೊ ತೆಗೆಯೋಕೆ ಮರೆತು ಹೋಯ್ತು.

ಭೀಮಣ್ಣ


ಶಿಕಾರಿಪುರ
21 ಜನವರಿ 2025

ಭೀಮಾ,

ಭಾನುವಾರ ನಿಮ್ಮಲ್ಲಿಗೆ ಬಂದಿದ್ದ ಪ್ರದೀಪ ಮನೆಗೆ ವಾಪಸ್ ಬಂದು ಎಲ್ಲ ಹೇಳಿದ. ಕಕ್ಕೋದು "ಸ್ವಲ್ಪ" ಅಲ್ಲ, ತಿನ್ನಿಸಿದಾಗೆಲ್ಲ ಅಂತೆ. ಭೇದಿ ಬೇರೆ. ಕೆನ್ನೆ ಇಳಿದು ಹೋಗಿದೆ ಅಂತೆ. ಮಗು ಹಂಗಿರೋವಾಗ ನೀನು ನನಗೆ ಎಳ್ಳಿನ ಪುರಾಣ ಬರೀತೀಯಲ್ಲ, ನಾಚಿಕೆ ಆಗಲ್ವಾ ನಿನಗೆ? ನಾನು ಗೆದ್ದು ಬಿಡ್ತೀನಿ ಅಂತ ಮುಚ್ಚಿಟ್ಟೆ. ನನಗೆ ಗೊತ್ತಿಲ್ವಾ ನಿನ್ನ ಬುದ್ಧಿ!

ಡಾಕ್ಟರಿಗೆ ತೋರಿಸಿದೀರಂತೆ, ಹೊಟ್ಟೆ ಸೋಂಕು ಅಂದು ಸಿರಪ್ ಕೊಟ್ಟರಂತೆ. ಅದು ಕುಡಿಸಿ. ಜೊತೆಗೆ ನಾನು ಹೇಳಿದ್ದು ಹೇಳಿದ ಹಾಗೆ ಮಾಡಿ. ಒಂದು ಲೀಟರ್ ಕುದಿಸಿ ಆರಿಸಿದ ನೀರು. ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಚಮಚ ತಲೆ ಸವರಿ ಅಳೀಬೇಕು. ಮಗೂಗೆ ಹಾಲು ಕುಡಿಸೋ ಒಳಲೆಯಲ್ಲಿ ಗುಟುಕು ಗುಟುಕಾಗಿ ಹಾಕಿ. ಸಕ್ಕರೆ ವಿಷ ಅಂದವಳೇ ಸಕ್ಕರೆ ಹೇಳ್ತಿದಾಳೆ ಅಂತ ಹಲ್ಲು ಕಿರೀಬೇಡ. ಇದು ಔಷಧಿ. ಈ ನೀರಿನಿಂದ ಎಷ್ಟು ಮಕ್ಕಳು ಎದ್ದು ಕೂತಿವೆ ಅಂತ ಈ ಊರಿನ ತಾಯಂದಿರನ್ನ ಕೇಳು. ಬೇಡ ಅಂದರೂ ಬಿಡಬೇಡಿ.

ಹಾಲಮ್ಮ


ಚಂದ್ರಗುತ್ತಿ
25 ಜನವರಿ 2025

ಅಕ್ಕನಿಗೆ,

ಬೈದಿದ್ದು ಸಾಕು. ಮುಚ್ಚಿಟ್ಟಿದ್ದು ತಪ್ಪು, ಒಪ್ಪಿದೆ. ಆದರೂ ನಿನ್ನ ಕಾಗದ ಓದಿ ನಗು ತಡೆಯೋಕೆ ಆಗಲಿಲ್ಲ. ಬಾಳೆಹಣ್ಣು ವಿಷ, ಸಕ್ಕರೆ ಔಷಧಿ! ನಿನ್ನ ಫೋನಿನವರು ಇದಕ್ಕೆ ಎಂಥ ಹೇಳ್ತಾರಂತೆ?

ನೀನು ಹೇಳಿದ ಹಾಗೇ ಕುಡಿಸ್ತಿದೀವಿ. ಒಂದೇ ಬದಲಾವಣೆ. ಅಂಗಡಿ ಸಕ್ಕರೆ ಬದಲು ಮನೆಯ ಜೋನಿಬೆಲ್ಲ ಹಾಕಿದೇನೆ, ಆರು ಚಮಚದ ಜಾಗಕ್ಕೆ ಎಂಟು. ಕಬ್ಬಿಣದ ಅಂಶ ಇರುತ್ತೆ ಅಂತ ನೀನೇ ಅಂಗನವಾಡಿಯಲ್ಲಿ ಹೇಳ್ತಿದ್ದೆಯಲ್ಲ. ಕಕ್ಕೋದು ಇನ್ನೂ ಪೂರ್ತಿ ನಿಂತಿಲ್ಲ. ತಾಯಿ ಹಾಲು ಕುಡಿದಾಗ ಚೆನ್ನಾಗೇ ಇರ್ತಾಳೆ, ಈ ನೀರು ಕುಡಿಸಿದ ಮೇಲೆ ಸೋತು ಮಲಗಿಬಿಡ್ತಾಳೆ. ನಿದ್ದೆ ಬಂದರೆ ಒಳ್ಳೇದೇ ಅಲ್ದಾ? ಕಣ್ಣು ಸ್ವಲ್ಪ ಹಳದಿ ಆಗಿದೆ ಅಂತ ಗಂಗಾ ಅಂತಾಳೆ. ವೀರಮ್ಮ ದೃಷ್ಟಿ ತೆಗೆದಿದಾಳೆ.

ಭೀಮಣ್ಣ


ಶಿವಮೊಗ್ಗ, ಆಸ್ಪತ್ರೆ
2 ಫೆಬ್ರುವರಿ 2025

ಬೀಗರಾದ ಶ್ರೀ ಭೀಮಣ್ಣನವರಿಗೆ ಹಾಲಮ್ಮ ಬರೆಯುವುದು.

ತಮ್ಮ ಅಂತ ಬರೆಯೋಕೆ ಇವತ್ತು ಕೈ ಬರ್ತಿಲ್ಲ. ಗಂಡಿನ ತಾಯಿಯಾಗಿ ಬರೀತಿದೀನಿ, ಹೆಣ್ಣಿನ ತಂದೆಯಾಗಿ ಓದಿರಿ.

ಮಗುವಿನ ಜೀವಕ್ಕೆ ಅಪಾಯ ಇಲ್ಲ ಅಂತ ನಿನ್ನೆ ಹೇಳಿದರು. ಮೊದಲು ಅದನ್ನ ಓದಿಕೊಳ್ಳಿ. ಬುಧವಾರ ಮಧ್ಯಾಹ್ನ ಆ ಬೆಲ್ಲದ ನೀರು ಕುಡಿಸಿದ ಮೇಲೆ ಮಗು ಬೆವತು, ಕೈಕಾಲು ಬಿಟ್ಟು, ಕಣ್ಣು ಮೇಲಾಯ್ತು. ನೀವು ಕಾರು ಮಾಡಿ ಇಲ್ಲಿಗೆ ತಂದಿರಿ, ಅದೊಂದು ಸರಿ ಮಾಡಿದಿರಿ. "ಬೇಡ ಅಪ್ಪ ಅಂದೆ, ಕೇಳಲಿಲ್ಲ" ಅಂತ ಗಂಗಾಶ್ರೀ ನಿಮ್ಮನ್ನ ಊರಿಗೆ ಕಳಿಸಿದ್ದು ನಾನು ಬಂದ ಮೇಲೆಯೇ. ಆಮೇಲೆ ಆಗಿದ್ದು ನಿಮಗೆ ಗೊತ್ತಿಲ್ಲ.

ಬಂದಾಗ ಮಗುವಿನ ರಕ್ತದಲ್ಲಿ ಸಕ್ಕರೆ ಬರೀ ಮೂವತ್ತೊಂದು. ಸಿಹಿ ನೀರು ಕುಡಿಸಿದ ಮಗುವಿನ ಮೈಯಲ್ಲಿ ಸಕ್ಕರೆ ಇಲ್ಲ! ಡಾಕ್ಟರ್ ಅಂಬರೀನ್ ಅಂತ ಚಿಕ್ಕ ವಯಸ್ಸಿನ ಹುಡುಗಿ. ಅದನ್ನೇ ಹಿಡಿದು ಕೇಳುತ್ತಾ ಹೋದಳು, ಯಾವತ್ತಿಂದ ಶುರು, ಅವತ್ತು ಹೊಸದಾಗಿ ಏನು ಕೊಟ್ಟಿರಿ ಅಂತ. ಫ್ರಕ್ಟೋಸನ್ನ ಅರಗಿಸೋಕೆ ಲಿವರಿನಲ್ಲಿ ಒಂದು ಕಿಣ್ವ ಬೇಕಂತೆ. ಪುಟ್ಟಿಗೆ ಅದು ಹುಟ್ಟಿನಿಂದಲೇ ಕೆಲಸ ಮಾಡಲ್ಲ ಅಂತ ಅವಳ ಅನುಮಾನ. ಅರಗದೆ ಉಳಿದಿದ್ದು ಲಿವರನ್ನ ಕೆಡಿಸುತ್ತೆ, ಮೈಯಲ್ಲಿರೋ ಗ್ಲುಕೋಸನ್ನೂ ಇಳಿಸುತ್ತೆ. ತಾಯಿ ಹಾಲಲ್ಲಿ ಫ್ರಕ್ಟೋಸ್ ಇಲ್ಲ, ಅದಕ್ಕೇ ಆರು ತಿಂಗಳು ಗುಂಡಗಿದ್ದಳು. ಈಗ ಬೆಲ್ಲ, ಸಕ್ಕರೆ, ಹಣ್ಣು, ಆ ಸಿಹಿ ಸಿರಪ್ಪು ಎಲ್ಲ ನಿಲ್ಲಿಸಿ ಹಾಲು ಮತ್ತೆ ಗ್ಲುಕೋಸ್ ಡ್ರಿಪ್ಪು ಅಷ್ಟೇ. ಕಕ್ಕೋದು ನಿಂತಿದೆ. ಖಚಿತ ಮಾಡಿಕೊಳ್ಳೋಕೆ ರಕ್ತ ಬೆಂಗಳೂರಿಗೆ ಹೋಗಿದೆ.

"ವಿಷ ಅಂತ ನಾನು ಮೊದಲೇ ಹೇಳಿದ್ದೆ" ಅಂದೆ. "ಇಲ್ಲಮ್ಮಾ, ಎಲ್ಲರಿಗೂ ಅಲ್ಲ" ಅಂದಳು. "ನೀವು ಬಾಟಲಿ ಜ್ಯೂಸು ಬಿಡಿ, ಸಕ್ಕರೆ ಕಮ್ಮಿ ಮಾಡಿ. ಬಾಳೆಹಣ್ಣು ತಿನ್ನಿ, ಏನೂ ಆಗಲ್ಲ. ಈ ಮಗೂಗೆ ಮಾತ್ರ ಒಂದು ಚಮಚವೂ ಅಪಾಯ." ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಇಷ್ಟು ಹೊತ್ತು ಚೆನ್ನಾಗಿ ಹೇಳ್ತಿದ್ದವಳು ಅಲ್ಲಿಗೆ ಬಂದು ಹಿಂಗಂದಳು.

ಇದು ತಂದೆ ತಾಯಿ ಇಬ್ಬರ ಕಡೆಯಿಂದಲೂ ಬಂದರೆ ಮಾತ್ರ ಆಗುತ್ತಂತೆ. ಮನೆತನದಲ್ಲಿ ಕೂಸುಗಳು ಹಿಂಗೆ ತೀರಿಕೊಂಡಿದ್ದು ಉಂಟಾ ಅಂತ ಕೇಳಿದಳು. ನಮ್ಮ ಕಡೆ ಇಲ್ಲ ಅಂದೆ. ನಿಮ್ಮ ಕಡೆ ಏನಾದರೂ ಇದ್ದರೆ ವಿಚಾರಿಸಿ ತಿಳಿಸೋದು. ಕಾಗದ ಪ್ರದೀಪನ ಕೈಲಿ ಕಳಿಸ್ತಿದೀನಿ.

ಹಾಲಮ್ಮ


ಚಂದ್ರಗುತ್ತಿ
5 ಫೆಬ್ರುವರಿ 2025

ಅಕ್ಕಾ,

ಬೀಗರೂ ಇಲ್ಲ ಗೀಗರೂ ಇಲ್ಲ. ನಿಮ್ಮ ಕಡೆ, ನಮ್ಮ ಕಡೆ ಅಂತೀಯಲ್ಲ, ಕಡೆ ಎಲ್ಲಿದೆ ಮಾರಾಯ್ತಿ? ನಾವಿಬ್ಬರೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು. ನಿನ್ನ ಮಗನಿಗೆ ನನ್ನ ಮಗಳನ್ನ ತಂದುಕೊಂಡವಳು ನೀನೇ. ಎರಡು ಕಡೆಯಿಂದ ಬಂದಿದೆ ಅಂದರೆ ಈ ಒಂದೇ ಮನೆಯಿಂದ ಬಂದಿದೆ ಅಂತ ಅರ್ಥ ಆಗಲ್ವಾ ನಿನಗೆ?

ಕೂಸು ತೀರಿಕೊಂಡಿದ್ದು ಇಲ್ಲ ಅಂದೆಯಾ? ಹಾಗಾದರೆ ಮಂಜ ಯಾರು? ನನ್ನ ಬೆನ್ನಿಗೆ ಹುಟ್ಟಿದ ತಮ್ಮ, ಎಂಟು ತಿಂಗಳಿಗೆ ಹೋದ. ನನಗೆ ಆರು ವರ್ಷ, ನನಗೇ ನೆನಪಿದೆ. ಕಣ್ಣು ಹಳದಿ, ಹೊಟ್ಟೆ ಉಬ್ಬಿತ್ತು, ತಿಂದಿದ್ದೆಲ್ಲ ಕಕ್ಕುತ್ತಿದ್ದ. ನೀನು ದೊಡ್ಡವಳು, ಅವನನ್ನ ಸೊಂಟದಿಂದ ಇಳಿಸದೆ ಸಾಕಿದವಳು, ನೀನು ಮರೆತೆಯಾ? ಡಾಕ್ಟರ ಎದುರಿಗೆ ಸುಳ್ಳು ಹೇಳೋಕೆ ನಿನಗೆ ಹೇಗೆ ಮನಸ್ಸು ಬಂತು? ನನ್ನ ಮೇಲಿನ ಹಟಕ್ಕೆ ಮಗುವಿನ ಜೀವ ಇಟ್ಟು ಆಡ್ತೀಯಾ?

ಇನ್ನೊಂದು ಮಾತು. ಸಕ್ಕರೆನೀರು ಹೀಗೆ ಮಾಡು ಅಂತ ನೀನು ಬರೆದ ಕಾಗದ ನನ್ನ ಜೇಬಲ್ಲೇ ಇದೆ. ಗಂಗಾಗೆ ತೋರಿಸಿಲ್ಲ. ಅಪ್ಪ ತನ್ನ ತಲೆಗೆ ಬಂದ ಹಾಗೆ ಮಾಡಿದ ಅಂತಲೇ ಅವಳು ತಿಳಿದಿದಾಳೆ, ಇರಲಿ. ಇಬ್ಬರಲ್ಲಿ ಒಬ್ಬರಾದರೂ ಮಗುವಿನ ಹತ್ತಿರ ಇರಬೇಕಲ್ಲ. ಆದರೆ ಮಂಜನ ವಿಷಯ ನೀನು ಹೇಳಲಿಲ್ಲ ಅಂದರೆ ನಾನೇ ಬಂದು ಹೇಳ್ತೇನೆ.

ಭೀಮಣ್ಣ


ಶಿವಮೊಗ್ಗ
9 ಫೆಬ್ರುವರಿ 2025

ಭೀಮಾ,

ಬೆಳಿಗ್ಗೆ ಡಾಕ್ಟರಿಗೆ ಮಂಜನ ವಿಷಯ ಹೇಳಿದೆ. ಗಂಗಾಗೆ ಸಕ್ಕರೆನೀರಿನ ವಿಷಯವನ್ನೂ ಹೇಳಿಬಿಟ್ಟೆ. ಅವಳು ಕೂಗಾಡಿದ್ದರೆ ಚೆನ್ನಾಗಿತ್ತು. "ಅತ್ತೆ, ನೀವೂ ಮನೆಗೆ ಹೋಗಿ" ಅಂದಳು, ಅಷ್ಟೇ. ನಾಳೆ ಡಿಸ್ಚಾರ್ಜ್. ಚಂದ್ರಗುತ್ತಿಯಲ್ಲಿ ಅವ್ವನ ಹತ್ತಿರವೇ ಇರ್ತೀನಿ, ಮನೆಯೊಳಗೆ ಒಂದು ಚೂರು ಬೆಲ್ಲ ಇರಕೂಡದು, ಅಪ್ಪ ಅತ್ತೆ ಇಬ್ಬರೂ ಮಗುವಿನ ಬಾಯಿಗೆ ಏನೂ ಹಾಕಕೂಡದು ಅಂತ ಗಂಗಾ ಪ್ರದೀಪನ ಹತ್ತಿರ ಹೇಳಿದಾಳೆ. ಹೇಳಲಿ. ಅವಳ ಜಾಗದಲ್ಲಿ ನಾನಿದ್ದರೆ ಪೊರಕೆ ತಗೊಂಡಿರ್ತಿದ್ದೆ.

ನಾನು ಮರೆತಿಲ್ಲ ಕಣೋ. ಮರೆತಿದ್ದರೆ ಎಷ್ಟು ಚೆನ್ನಾಗಿತ್ತು! ನನಗೆ ಒಂಬತ್ತು ವರ್ಷ. ಅವ್ವ ಗದ್ದೆಗೆ ಹೋಗುವಾಗ ಅವನನ್ನ ನನಗೆ ಕೊಟ್ಟು ಹೋಗ್ತಿದ್ದಳು. ಅವನ ಅಳು ನಿಲ್ಲುತ್ತಿರಲಿಲ್ಲ. ನನಗೆ ಆಟಕ್ಕೆ ಹೋಗಬೇಕು. ತೆಳು ಬಟ್ಟೆಯಲ್ಲಿ ಬೆಲ್ಲದ ಚೂರು ಕಟ್ಟಿ ಬಾಯಿಗೆ ಕೊಡ್ತಿದ್ದೆ. ಅವ್ವ ಬರೋ ಹೊತ್ತಿಗೆ ಬಟ್ಟೆ ತೊಳೆದು ಇಡ್ತಿದ್ದೆ. ಅವನು ಹೋದ ದಿನವೂ ಕೊಟ್ಟಿದ್ದೆ. ಯಾರಿಗೂ ಹೇಳಲಿಲ್ಲ. ಅವ್ವ ಸಾಯೋವಾಗಲೂ ಹೇಳಲಿಲ್ಲ, ನಿಮ್ಮ ಭಾವನಿಗೂ ಹೇಳಲಿಲ್ಲ.

ಐವತ್ತಮೂರು ವರ್ಷ ಆದ ಮೇಲೆ ಫೋನಿನಲ್ಲಿ ಯಾರೋ ಹೇಳಿದರು, ಬೆಲ್ಲ ಎಲ್ಲರಿಗೂ ವಿಷ ಅಂತ. ನನಗೆ ಎಷ್ಟು ಹಗುರ ಆಯ್ತು ಗೊತ್ತಾ? ಎಲ್ಲರಿಗೂ ವಿಷ ಆದರೆ ತಪ್ಪು ಬೆಲ್ಲದ್ದು, ನಂದಲ್ಲ. ಅದಕ್ಕೇ ನಿನ್ನ ಜೊತೆ ಅಷ್ಟು ಜಗಳ ಆಡಿದೆ. ನಿನ್ನ ಆಲೆಮನೆ ಮೇಲೆ ಸಿಟ್ಟಲ್ಲ ಭೀಮಾ. ಈಗ ಆ ಹುಡುಗಿ ಬಂದು, ಎಲ್ಲರಿಗೂ ಅಲ್ಲಮ್ಮಾ ಅಂದಳು. ಅವನಿಗೆ ಮಾತ್ರ ವಿಷ, ಕೊಟ್ಟವಳು ನಾನು. ಅವಳು ಕೇಳಿದಾಗ ಇಲ್ಲ ಅಂತಲೇ ಬಾಯಿಗೆ ಬಂತು.

ಇಷ್ಟು ಬರೆದ ಮೇಲೆ ಇನ್ನು ನಿನಗೆ ಏನು ಹೇಳಲಿ? ಬೈಯೋದಿದ್ದರೆ ಬೈದು ಬರಿ.

ಅಕ್ಕ


ಚಂದ್ರಗುತ್ತಿ
16 ಫೆಬ್ರುವರಿ 2025

ಅಕ್ಕಾ,

ಬೈಯೋದಿದೆ. ಅದಕ್ಕೇ ಐದು ದಿನ ಬರೀಲಿಲ್ಲ, ಪೆನ್ನು ಹಿಡಿದಾಗೆಲ್ಲ ಸಿಟ್ಟು ಬರ್ತಿತ್ತು. ಐವತ್ತಮೂರು ವರ್ಷ ಒಬ್ಬಳೇ ಇಟ್ಕೊಂಡು ಕೂತೆಯಲ್ಲ, ನನಗೊಂದು ಮಾತು ಹೇಳೋಕೆ ಎಂಥ ಧಾಡಿಯಾಗಿತ್ತು ನಿನಗೆ?

ನೀನೊಬ್ಬಳೇ ಕೊಟ್ಟೆ ಅಂತ ಯಾರು ಹೇಳಿದ್ದು? ಆಲೆಮನೆಯಲ್ಲಿ ಬೆಳೆಯೋ ಕೂಸಿಗೆ ಬೆಲ್ಲ ಕೊಡೋಕೆ ನಿನ್ನ ಅಪ್ಪಣೆ ಬೇಕಿತ್ತಾ? ಅಪ್ಪ ಕೊಪ್ಪರಿಗೆ ಇಳಿಸಿದಾಗೆಲ್ಲ ಬೆರಳಿಗೆ ಹತ್ತಿದ್ದನ್ನ ಅವನ ಬಾಯಿಗೆ ಇಡ್ತಿದ್ದ. ಅವ್ವ ಗಂಜಿಗೆ ಹಾಕ್ತಿದ್ದಳು. ಗಾಣಕ್ಕೆ ಬಂದವರು ಎತ್ತಿಕೊಂಡು ಕಬ್ಬಿನ ಹಾಲು ಕುಡಿಸೋರು. ನಾನು ಕಬ್ಬು ಜಗಿದು ಅವನ ಬಾಯಿಗೆ ಹಿಂಡ್ತಿದ್ದೆ. ಅವ್ವ ಅದನ್ನ ನೋಡಿ ತಮ್ಮನ ಮೇಲೆ ಎಷ್ಟು ಪ್ರೀತಿ ಅಂತ ನೆಟಿಗೆ ಮುರಿದಿದ್ದಳು. ಆ ಮನೆಯಲ್ಲಿ ಕೊಡದೇ ಇದ್ದವರು ಯಾರೂ ಇರಲಿಲ್ಲ ಅಕ್ಕ. ಬಟ್ಟೆ ತೊಳೆದು ಇಟ್ಟವಳು ಮಾತ್ರ ನೀನೊಬ್ಬಳು, ಅದಕ್ಕೇ ನಿನಗೊಬ್ಬಳಿಗೇ ಅದು ಕಳ್ಳತನದ ಹಾಗೆ ಉಳಿದುಬಿಟ್ಟಿತು.

ಈಗ ನನ್ನದು. ಆ ನೀರು ಕುಡಿಸ್ತಿದೀವಿ ಅಂತ ಬರೆದೆ, ಹೇಗೆ ಅಂತ ಬರೀಲಿಲ್ಲ. ಮೊದಲ ದಿನ ಬಿಟ್ಟರೆ ಪುಟ್ಟಿ ಬಾಯಿ ತೆಗೆಯಲೇ ಇಲ್ಲ. ಒಳಲೆ ಕಂಡರೆ ಸಾಕು, ತುಟಿ ಒಳಗೆ ಎಳೆದುಕೊಂಡು ಮುಖ ತಿರುಗಿಸೋಳು. ವೀರಮ್ಮ ತಲೆ ಹಿಡಿದಳು, ನಾನು ಮೂಗು ಒತ್ತಿ ಬಾಯಿ ಬಿಡಿಸಿದೆ. ಹಟಮಾರಿ, ಥೇಟ್ ಹಾಲಮ್ಮಜ್ಜಿ ಅಂತ ನಕ್ಕೆ ಬೇರೆ. ಆರು ತಿಂಗಳ ಕೂಸು ದಿನಕ್ಕೆ ಎಂಟು ಸಲ ಬೇಡ ಅಂತ ಹೇಳ್ತಿತ್ತು. ನೀನು ಫೋನು ನೋಡ್ತಿದ್ದೆ, ನಾನು ನಿನ್ನ ಕಾಗದ ನೋಡ್ತಿದ್ದೆ. ಮಂಜನೂ ಹಾಗೇ ಮುಖ ತಿರುಗಿಸ್ತಿದ್ದ. ನೆನಪಾಗಿ ಎರಡು ದಿನ ಊಟ ಸೇರಲಿಲ್ಲ.

ಬೆಲ್ಲದ ಡಬ್ಬಗಳೆಲ್ಲ ಗಾಣದ ಹತ್ತಿರದ ಕೊಟ್ಟಿಗೆಗೆ ಹೋದವು. ಕೆಲಸ ಮುಗಿಸಿ ಬಂದರೆ ಕೈಕಾಲು ತೊಳೆದು, ಅಂಗಿ ಬದಲಿಸಿ ಒಳಗೆ ಬರಬೇಕು ನಾನು. ಮಗು ತೂಕ ಹಾಕ್ತಿದೆ, ಕಣ್ಣು ಬೆಳ್ಳಗಾಗಿದೆ.

ನಿನ್ನೆ ಗಂಗಾ ನನ್ನ ಕೈಗೆ ಬಟ್ಟಲು ಕೊಟ್ಟಳು. ಗಂಜಿ, ಒಂದು ಚೂರು ತುಪ್ಪ. ಕೊಟ್ಟು ಎದುರಿಗೇ ಕೂತಳು. ಪುಟ್ಟಿ ನಾಲ್ಕು ತುತ್ತು ತಿಂದಳು. ಐದನೆಯದಕ್ಕೆ ತುಟಿ ಮುಚ್ಚಿದಳು. "ಇನ್ನೊಂದೇ ಒಂದು" ಅಂತ ನನ್ನ ಬಾಯಿಗೆ ಬಂದೇ ಬಿಟ್ಟಿತ್ತು ಅಕ್ಕ. ಗಂಗಾ ನನ್ನ ಕೈಯನ್ನೇ ನೋಡ್ತಿದ್ದಳು. ಬಟ್ಟಲು ಕೆಳಗಿಟ್ಟೆ.

ಗುರುವಾರ ನೀನು ಬರಬೇಕಂತೆ. ನಿನಗೂ ಬಟ್ಟಲು ಕೊಡ್ತಾಳಂತೆ. ಎದುರಿಗೆ ಕೂತು ನೋಡ್ತಾಳೆ. ನೋಡಲಿ, ಬಾ.

ಭೀಮ